ಮೀನಿನ ರೆಕ್ಕೆಯ ಒಂದು ಚೂರು ಎತ್ತಿಡಿ: ಮೀನುಗಾರಿಕೆ ಸಚಿವರಿಗೆ ಬೆಳಗಾವಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ,

ಬೆಳಗಾವಿಯಿಂದ ನಮಸ್ಕಾರಗಳು.

ಚಳಿಗಾಲದ ಅಧಿವೇಶನಕ್ಕೆ ನೀವು ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಮನವಿ ಪತ್ರಗಳಿಗೆ ಬರವಿಲ್ಲ. ಕಬ್ಬಿನ ಬೆಲೆ, ಮಹದಾಯಿ ನೀರು, ಮುಳುಗಡೆ ಪರಿಹಾರ, ಗಡಿ ಭಾಗದ ಶಾಲೆಗಳು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಅವುಗಳ ನಡುವೆ ಸಮುದ್ರದ ಮೀನಿನ ಬಗ್ಗೆ ಬೆಳಗಾವಿಯಿಂದ ಪತ್ರ ಬಂದರೆ ನಿಮಗೆ ಆಶ್ಚರ್ಯವಾಗಬಹುದು. ದಯವಿಟ್ಟು ಪಕ್ಕಕ್ಕೆ ಇಡಬೇಡಿ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ದೊಡ್ಡ ಬಂದರುಗಳಲ್ಲಿ ಇಳಿಯುವ ಮುಖ್ಯ ಜಾತಿಯ ಮೀನುಗಳಿಂದ, ಪ್ರತಿ ವರ್ಷ ತಪ್ಪದೆ, ರೆಕ್ಕೆಯ ಒಂದೊಂದು ಚೂರು ಕತ್ತರಿಸಿ ಆಲ್ಕೋಹಾಲ್‌ನಲ್ಲಿ ಎತ್ತಿಡಿ. ಆ ಮೀನುಗಳ ಡಿಎನ್‌ಎ ಗುರುತುಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಿಗೂ ಒಂದು ಪಾಲು ಕೊಡಿ. ಇಷ್ಟೇ. ಮುಂದೆ ಬರೆದದ್ದೆಲ್ಲ ಇದು ಯಾಕೆ ಬೇಕು, ಯಾಕೆ ಈ ವರ್ಷವೇ ಬೇಕು ಅನ್ನುವ ವಿವರಣೆ.

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಬೆಳಗಾವಿಯವರಿಗೆ ಸಮುದ್ರ ಅಷ್ಟೇನೂ ದೂರವಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಕಾರವಾರದಿಂದಲೂ ಗೋವಾದಿಂದಲೂ ಮಾಲ್ವಣದ ಕಡೆಯಿಂದಲೂ ಐಸ್ ಪೆಟ್ಟಿಗೆಗಳು ರಾತ್ರಿಯೆಲ್ಲ ಘಟ್ಟ ಹತ್ತಿ, ಬೆಳಗಾಗುವ ಹೊತ್ತಿಗೆ ನಮ್ಮ ಮೀನು ಮಾರುಕಟ್ಟೆಗೆ ಬಂದಿರುತ್ತವೆ. ಬುಧವಾರ, ರವಿವಾರ ನಮ್ಮ ಮನೆಯಲ್ಲಿ ತಾರ್ಲಿ ಇಲ್ಲವೇ ಬಂಗಡಾ ಇರಲೇಬೇಕಿತ್ತು. ಪಾಂಪ್ಲೆಟ್, ಸುರಮಯಿ ಏನಿದ್ದರೂ ಪಗಾರ ಆದ ವಾರ ಮಾತ್ರ. ನಾವು ತಾರ್ಲಿ ಅನ್ನುವುದನ್ನು ಕರಾವಳಿಯವರು ಬೈಗೆ, ಭೂತಾಯಿ ಅನ್ನುತ್ತಾರೆ. ಹೆಸರು ಮೂರು, ಮೀನು ಒಂದೇ. ಬಡವರ ಮನೆಯ ಮೀನು.

ನಾನು ಸಣ್ಣವಳಿದ್ದಾಗಿನಿಂದ ನಮಗೆ ಮೀನು ಕೊಡುವ ಮಾವಶಿ ಈಗಲೂ ಅದೇ ಜಾಗದಲ್ಲಿ ಕೂರುತ್ತಾಳೆ. ಹೋದ ಸಲ ಹೋದಾಗ ಆಕೆ ಹೇಳಿದ ಮಾತು ಇದು: "ಮದಲ ತಾರ್ಲಿ ಹುರಿಬೇಕಂದ್ರ ತವಾಕ್ಕ ಎಣ್ಣಿ ಹಾಕೋದ ಬ್ಯಾಡಾಗಿತ್ರಿ ಬಾಯಿ, ಅದರದ ಎಣ್ಣಿ ಬಿಡತಿತ್ತು. ಈಗ ಬರೂದೆಲ್ಲಾ ಮಕ್ಕಳ. ಇವುಕ್ಕ ಎಣ್ಣಿ ಎಲ್ಲಿಂದ ಬರಬೇಕ್ರಿ?"

ಮಕ್ಕಳು ಅಂದರೆ ಮರಿಮೀನು. ಒಮ್ಮೆಯೂ ಮೊಟ್ಟೆ ಇಡದೆ ಬಲೆಗೆ ಬಿದ್ದ ಮೀನು.

ಮಾವಶಿಯ ಮಾತನ್ನು ಅಂಕಿಗಳೂ ಹೇಳುತ್ತವೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಶಕಗಳಿಂದ ಬಂದರು ಬಂದರಿಗೆ ಜನರನ್ನು ಕಳುಹಿಸಿ ಮೀನಿನ ಲೆಕ್ಕ ಇಡುತ್ತಿದೆ. ಆ ಲೆಕ್ಕದ ಪ್ರಕಾರ 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ತಾರ್ಲಿ ಸಿಕ್ಕಿತ್ತು. 2021ರಲ್ಲಿ ಸಿಕ್ಕದ್ದು 3,297 ಟನ್. ನೂರಕ್ಕೆ ಒಂದು ಪಾಲೂ ಇಲ್ಲ. ಇದಕ್ಕೆ ಅತಿಯಾಗಿ ಹಿಡಿದದ್ದೂ ಕಾರಣ, ಮರಿ ಹಿಡಿದದ್ದೂ ಕಾರಣ, ಸಮುದ್ರದ ನೀರು ಬಿಸಿಯಾಗಿ ಮೀನಿನ ಮೇವು ಕಡಿಮೆಯಾದದ್ದೂ ಕಾರಣ. ಆಮೇಲಿನ ವರ್ಷಗಳಲ್ಲಿ ತಾರ್ಲಿ ಮತ್ತೆ ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ.

ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಹಾಗೆ ತಿರುಗಿ ಬಂದ ಮೀನು ಎಷ್ಟು ತಂದೆತಾಯಿಗಳ ಮಕ್ಕಳು? ಅವು ನಮ್ಮ ಕರಾವಳಿಯಲ್ಲೇ ಉಳಿದುಕೊಂಡವುಗಳ ಸಂತಾನವೋ, ಬೇರೆ ಕಡೆಯಿಂದ ಬಂದವುಗಳ ಸಂತಾನವೋ? ಟನ್ನಿನ ಲೆಕ್ಕದಲ್ಲಿ ಇದು ಕಾಣುವುದಿಲ್ಲ. ತಕ್ಕಡಿಗೆ ಎಲ್ಲ ತಾರ್ಲಿಯೂ ಒಂದೇ.

ವಿಜಯಪುರದ ಕಡೆ ಬಿಳಿಜೋಳ ಬೆಳೆಯುವವರಿಗೆ ಈ ಪ್ರಶ್ನೆ ತಟ್ಟನೆ ಅರ್ಥವಾಗುತ್ತದೆ. ಹೊಲದ ತುಂಬ ಜೋಳ ನಿಂತಿರಬಹುದು. ಆದರೆ ಬಿತ್ತನೆಗೆ ಅಂತ ಎತ್ತಿಟ್ಟದ್ದು ಎರಡೇ ತೆನೆಯಾದರೆ? ಮುಂದಿನ ವರ್ಷವೂ ಹೊಲ ತುಂಬುತ್ತದೆ. ನೋಡಿದವರಿಗೆ ಏನೂ ಕೊರತೆ ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ, ರೋಗ ಬಂದ ವರ್ಷ ಗೊತ್ತಾಗುತ್ತದೆ. ನೂರು ತೆನೆಯ ಬೀಜದಲ್ಲಿ ಬರ ತಡೆಯುವುದು ಒಂದಿತ್ತು, ರೋಗ ತಡೆಯುವುದು ಇನ್ನೊಂದಿತ್ತು. ಎರಡು ತೆನೆಯಲ್ಲಿ ಅವೆಲ್ಲ ಎಲ್ಲಿರಬೇಕು? ಅದಕ್ಕೇ ನಮ್ಮ ಹಿರಿಯರು ಹೊಲವೆಲ್ಲ ತಿರುಗಾಡಿ, ಬೇರೆ ಬೇರೆ ಕಡೆಯ ತೆನೆ ಆರಿಸಿ ಬೀಜಕ್ಕೆ ಇಡುತ್ತಿದ್ದರು.

ಸಮುದ್ರದಲ್ಲೂ ಹೀಗೇ. ಒಂದು ಹೆಣ್ಣು ತಾರ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹೆಚ್ಚಿನವು ಮರಿಯಾಗುವ ಮೊದಲೇ, ಇಲ್ಲವೇ ಮರಿಯಾದ ಕೂಡಲೇ ಸಾಯುತ್ತವೆ. ನೀರಿನ ಹರಿವು, ಮೇವು, ಹೊತ್ತು ಎಲ್ಲ ಕೂಡಿ ಬಂದ ಕೆಲವೇ ತಾಯಂದಿರ ಮರಿಗಳು ಉಳಿಯುತ್ತವೆ. ಹೀಗಾಗಿ ಕೋಟಿ ಮೀನು ಈಜುತ್ತಿದ್ದರೂ ಮುಂದಿನ ಪೀಳಿಗೆಗೆ ಬೀಜ ಕೊಟ್ಟವು ತೀರಾ ಕಡಿಮೆ ಇರಬಹುದು. ಆ ಸಣ್ಣ ಸಂಖ್ಯೆಯನ್ನು ಅಂದಾಜು ಮಾಡಲು ಡಿಎನ್‌ಎ ನೋಡಬೇಕು.

ಹೇಗೆ ನೋಡುತ್ತಾರೆ ಅನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಇಳಕಲ್ ಸೀರೆ ಹಿಡಿದುಕೊಂಡು ಹೇಳುತ್ತೇನೆ. ಸೆರಗಿನಲ್ಲಿ ತೋಪತೆನಿ ಸಾಲಾಗಿ ಬರುತ್ತದಲ್ಲ, ಒಂದೇ ಚಿತ್ತಾರ ಮತ್ತೆ ಮತ್ತೆ. ಒಂದು ಮನೆಯ ಮಗ್ಗದಲ್ಲಿ ಆ ಚಿತ್ತಾರ ಹನ್ನೆರಡು ಸಲ, ಇನ್ನೊಂದು ಮನೆಯಲ್ಲಿ ಹದಿನಾಲ್ಕು ಸಲ ಬರುತ್ತದೆ ಅಂದುಕೊಳ್ಳಿ. ಸೀರೆಯ ಚೆಂದಕ್ಕೆ ಏನೂ ಆಗುವುದಿಲ್ಲ. ಆದರೆ ಕೂತು ಎಣಿಸಿದವರಿಗೆ ಇದು ಯಾರ ಮಗ್ಗದ್ದು ಅಂತ ತಿಳಿಯುತ್ತದೆ. ಮೀನಿನ ಡಿಎನ್‌ಎಯಲ್ಲೂ ಇಂಥ ಜಾಗಗಳಿವೆ. ಎರಡೋ ಮೂರೋ ಅಕ್ಷರ ಸಾಲಾಗಿ, ಸಿಎ ಸಿಎ ಸಿಎ ಅಂತ, ಮತ್ತೆ ಮತ್ತೆ ಬರುತ್ತವೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಅನ್ನುತ್ತಾರೆ. ಒಂದು ಮೀನಿನಲ್ಲಿ ಹನ್ನೆರಡು ಸಲ, ಇನ್ನೊಂದರಲ್ಲಿ ಹದಿನೈದು ಸಲ. ಒಂದು ಪ್ರತಿ ತಾಯಿಯದ್ದು, ಒಂದು ಪ್ರತಿ ತಂದೆಯದ್ದು. ಇಂಥ ಹತ್ತು ಹದಿನೈದು ಜಾಗಗಳನ್ನು ಒಟ್ಟಿಗೆ ಎಣಿಸಿದರೆ ಯಾವ ಮೀನು ಯಾವ ಗುಂಪಿನ ಕಡೆಯದ್ದು, ಗುಂಪಿನಲ್ಲಿ ಎಷ್ಟು ವೈವಿಧ್ಯ ಉಳಿದಿದೆ ಅನ್ನುವ ಅಂದಾಜು ಸಿಗುತ್ತದೆ.

ಜೆನೆಟಿಕ್ ಮಾರ್ಕರ್ ಅಂದರೆ ಇದೇ, ಗುರುತು. ಗುರುತು ಸಿದ್ಧ ಮಾಡುವುದಕ್ಕೆ ತಾಳ್ಮೆ ಬೇಕು. ಮೊದಲು ಆ ಜಾತಿಯ ಡಿಎನ್‌ಎ ಓದಿ, ಪುನರಾವರ್ತನೆ ಇರುವ ಜಾಗ ಹುಡುಕಬೇಕು. ಆ ಜಾಗದ ಎರಡೂ ಬದಿಗೆ ಸರಿಯಾಗಿ ಅಂಟುವ ಪ್ರೈಮರ್ ಎಂಬ ತುಣುಕುಗಳನ್ನು ಮಾಡಿಸಬೇಕು. ಆಮೇಲೆ ಪಿಸಿಆರ್ ಯಂತ್ರದಲ್ಲಿ ಆ ಜಾಗವನ್ನಷ್ಟೇ ಕೋಟಿಗಟ್ಟಲೆ ಪ್ರತಿ ಮಾಡಿ ಅಳೆಯಬೇಕು. ಹುಡುಕಿದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ. ಕೆಲವು ಎಲ್ಲ ಮೀನಿನಲ್ಲೂ ಒಂದೇ ಉದ್ದ ತೋರಿಸುತ್ತವೆ. ಅವು ದಂಡ. ಕೆಲವು ಒಂದು ಮೀನಿನಲ್ಲಿ ಅಂಟುತ್ತವೆ, ಇನ್ನೊಂದರಲ್ಲಿ ಅಂಟುವುದಿಲ್ಲ. ಅವು ಸುಳ್ಳು ಲೆಕ್ಕ ಕೊಡುತ್ತವೆ. ಇವನ್ನೆಲ್ಲ ಸೋಸಿ, ನಂಬಬಹುದಾದ ಹತ್ತಿಪ್ಪತ್ತು ಉಳಿಸಿಕೊಳ್ಳಬೇಕು. ನಾನು ಕಲಿಯುವಾಗ ಒಂದು ಜಾತಿಗೆ ಇದನ್ನು ಮಾಡಲು ವರ್ಷವೇ ಹಿಡಿಯುತ್ತಿತ್ತು. ಈಗ ಡಿಎನ್‌ಎ ಓದುವ ಖರ್ಚು ತುಂಬಾ ಇಳಿದಿದೆ. ಒಂದೇ ಅಕ್ಷರದ ವ್ಯತ್ಯಾಸವನ್ನು ಗುರುತಾಗಿ ಬಳಸುವ ಸ್ನಿಪ್ ವಿಧಾನದಲ್ಲಿ ಸಾವಿರಾರು ಗುರುತು ಒಮ್ಮೆಗೇ ಸಿಗುತ್ತವೆ. 2023ರಲ್ಲಿ ಕೊಚ್ಚಿಯ ಅದೇ ಸಂಸ್ಥೆ ತಾರ್ಲಿಯ ಇಡೀ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, ಓದಿ ಪ್ರಕಟಿಸಿತು. ಹತ್ತಿರ ಹತ್ತಿರ 108 ಕೋಟಿ ಅಕ್ಷರ! ಇನ್ನು ಗುರುತು ಹುಡುಕುವವರು ಕತ್ತಲಲ್ಲಿ ತಡಕಾಡಬೇಕಿಲ್ಲ. ಪಿಸಿಆರ್ ಯಂತ್ರವಂತೂ ಕೋವಿಡ್ ಕಾಲದಲ್ಲಿ ಜಿಲ್ಲೆಗಳಿಗೆಲ್ಲ ಬಂದಿದೆ.

ಹಾಗಾದರೆ ಕೊರತೆ ಯಾವುದರದ್ದು? ಹಳೆಯ ಮೀನಿನದ್ದು. ಈ ಪತ್ರದ ಮುಖ್ಯ ಮಾತು ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನ್ಯೂಜಿಲೆಂಡಿನ ಟಾಸ್ಮನ್ ಕೊಲ್ಲಿಯಲ್ಲಿ ಸ್ನ್ಯಾಪರ್ ಎಂಬ ಮೀನಿದೆ. ಅಲ್ಲಿನ ಮೀನುಗಾರಿಕೆಯವರು 1950ರಿಂದ ಆ ಮೀನಿನ ಹುರುಪೆಗಳನ್ನು ಒಣಗಿಸಿ ಇಟ್ಟುಕೊಂಡು ಬಂದಿದ್ದರು. ಆಗ ಅವರಿಗೆ ಬೇಕಿದ್ದದ್ದು ಮೀನಿನ ವಯಸ್ಸು ಮಾತ್ರ. ಮರದ ಉಂಗುರದ ಹಾಗೆ ಹುರುಪೆಯ ಗೆರೆ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಡಿಎನ್‌ಎ ಹೇಗಿದೆ ಎಂದು ಜಗತ್ತಿಗೆ ತಿಳಿದದ್ದೇ 1953ರಲ್ಲಿ. ಪಿಸಿಆರ್ ಬಂದದ್ದು 1983ರಲ್ಲಿ. ಅಂದರೆ ಆ ಹುರುಪೆ ಎತ್ತಿಟ್ಟವರಿಗೆ ಮುಂದೆ ಅದರಿಂದ ಏನೇನು ತಿಳಿಯಬಹುದು ಅನ್ನುವ ಕಲ್ಪನೆಯೇ ಇರಲಿಲ್ಲ. ಆದರೂ ಎಸೆಯದೆ ಇಟ್ಟರು. 1998ರವರೆಗಿನ ಹುರುಪೆಗಳನ್ನು ತೆಗೆದು ಮೈಕ್ರೋಸ್ಯಾಟಲೈಟ್ ಎಣಿಸಿದ ವಿಜ್ಞಾನಿಗಳು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೀನು ಹಿಡಿಯುವುದು ಶುರುವಾದ ಮೇಲೆ ವೈವಿಧ್ಯ ಇಳಿಯುತ್ತಾ ಬಂದಿತ್ತು. ಕೊಲ್ಲಿಯಲ್ಲಿ ಲಕ್ಷಗಟ್ಟಲೆ ಮೀನಿದ್ದಾಗಲೂ ಬೀಜ ಕೊಡುತ್ತಿದ್ದವುಗಳ ಲೆಕ್ಕ ಇನ್ನೂರಕ್ಕಿಂತಲೂ ಕಡಿಮೆಯಿತ್ತು. ಮೊದಲ ಸಲ ಓದಿದಾಗ ನಾನು ಆ ಸಾಲನ್ನು ಮೂರು ಸಲ ಓದಿದ್ದೆ.

ಈಗ ನನ್ನದೇ ಒಂದು ಕಥೆ ಹೇಳಬೇಕು. ಹೇಳಲು ಇನ್ನೂ ನೋವಾಗುತ್ತದೆ. ಎಂ.ಎಸ್ಸಿ. ಮುಗಿಸಿದ ಮೇಲೆ 2009ರಲ್ಲಿ ನಾನು ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಿದ್ದೆ. ಕಾರವಾರಕ್ಕೆ, ಮಲ್ಪೆಗೆ ಬಸ್ಸಿನಲ್ಲಿ ಹೋಗಿ, ಬೆಳಗಿನ ಜಾವ ಬೋಟ್ ಬರುವ ಹೊತ್ತಿಗೆ ಧಕ್ಕೆಯಲ್ಲಿ ನಿಂತು ತಾರ್ಲಿಯ ರೆಕ್ಕೆ ಕತ್ತರಿಸಿ ತಂದಿದ್ದೆ. ಒಟ್ಟು 96 ಮೀನು. ಪಿಸಿಆರ್ ತಟ್ಟೆಯಲ್ಲಿ 96 ಕುಳಿ ಇರುತ್ತವೆ, ಅದಕ್ಕೆ ಆ ಲೆಕ್ಕ. ಮೊದಲ ಸಲ ಬಾಟಲಿಗಳ ಮೇಲೆ ಪೆನ್ನಿನಲ್ಲಿ ನಂಬರ್ ಬರೆದಿದ್ದೆ. ದಾರಿಯಲ್ಲಿ ಆಲ್ಕೋಹಾಲ್ ತಾಗಿ ಶಾಯಿ ಅಳಿಸಿಹೋಯಿತು. ಎರಡನೇ ಸಲ ಹೋಗಿ, ಪೆನ್ಸಿಲ್‌ನಲ್ಲಿ ಚೀಟಿ ಬರೆದು ಬಾಟಲಿಯೊಳಗೇ ಹಾಕಿದೆ. ಬೋಟಿನ ಹುಡುಗರು ನಗುತ್ತಾ ನಗುತ್ತಾ ಮೀನು ಹಿಡಿದು ಕೊಟ್ಟಿದ್ದರು. ರೆಕ್ಕೆ ಕತ್ತರಿಸಿದ ಮೀನು ಮಾರಾಟಕ್ಕೆ ಹೋಗುತ್ತದೆ, ಅವರಿಗೇನೂ ನಷ್ಟವಿಲ್ಲ.

ಎರಡು ವರ್ಷಕ್ಕೆ ಪ್ರಾಜೆಕ್ಟಿನ ದುಡ್ಡು ಮುಗಿಯಿತು. ನಾನು ಬೇರೆ ಕಡೆ ಕೆಲಸಕ್ಕೆ ಸೇರಿದೆ. ಕೆಲವು ತಿಂಗಳ ಮೇಲೆ ಮಾದರಿ ಕೇಳಲು ಹೋದರೆ ಫ್ರೀಜರ್ ಬೇರೆಯವರ ಕೆಲಸಕ್ಕೆ ಬೇಕಾಗಿತ್ತು, ಹಳೆಯ ಬಾಟಲಿಗಳನ್ನು ತೆಗೆದು ಎಸೆದಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ. ಯಾರ ಜವಾಬ್ದಾರಿಯೂ ಆಗಿರಲಿಲ್ಲ, ಅಷ್ಟೇ. ಸಂಬಳ ಕೊಡುವ ಪ್ರಾಜೆಕ್ಟ್ ಮುಗಿದರೆ ಆ ಬಾಟಲಿಗಳಿಗೆ ವಾರಸುದಾರರೇ ಇರುವುದಿಲ್ಲ.

2009ರ ತಾರ್ಲಿ ಅವು. 2012ರ ಸುಗ್ಗಿಗೂ ಮೊದಲಿನವು, 2021ರ ಬರಕ್ಕೂ ಮೊದಲಿನವು. ಈಗ ಬರುತ್ತಿರುವ ತಾರ್ಲಿಯ ಪಕ್ಕಕ್ಕೆ ಅವನ್ನು ಇಟ್ಟು ನೋಡಿದ್ದರೆ ಬರಕ್ಕೆ ಮೊದಲು ಏನಿತ್ತು, ಬರದ ನಂತರ ಏನು ಉಳಿಯಿತು ಅನ್ನುವುದಕ್ಕೆ ಒಂದು ಉತ್ತರ ಸಿಗುತ್ತಿತ್ತು. ಯಂತ್ರ ಇಲ್ಲದಿದ್ದರೆ ನಾಳೆ ಕೊಳ್ಳಬಹುದು. ದುಡ್ಡು ಇಲ್ಲದಿದ್ದರೆ ಮುಂದಿನ ಬಜೆಟ್‌ನಲ್ಲಿ ಕೇಳಬಹುದು. 2009ರ ಮೀನನ್ನು ಎಲ್ಲಿಂದ ತರುವುದು?

ಕೇಂದ್ರದ ಸಂಸ್ಥೆಗಳು ತಮ್ಮ ಅಧ್ಯಯನಗಳಿಗೆ ಬೇಕಾದ ಮಾದರಿ ಸಂಗ್ರಹಿಸುತ್ತವೆ, ಒಳ್ಳೆಯ ಕೆಲಸ ಮಾಡುತ್ತವೆ. ನಾನು ಕೇಳುತ್ತಿರುವುದು ಯಾವ ಒಂದು ಪ್ರಾಜೆಕ್ಟಿಗೂ ಅಂಟಿಕೊಳ್ಳದ, ವರ್ಷ ತಪ್ಪದ, ರಾಜ್ಯದ ಸ್ವಂತ ಸಂಗ್ರಹ. ನಮ್ಮ ಮನೆಗಳಲ್ಲಿ ಹಗೇವಿನಲ್ಲಿ ಜೋಳ ಇಡುತ್ತಿದ್ದ ಹಾಗೆ. ಯಾವ ವರ್ಷ ಬೇಕಾಗುತ್ತದೆ ಅಂತ ಗೊತ್ತಿಲ್ಲದೆಯೇ ಇಡುವುದು.

ಇಷ್ಟಾದರೆ ಆಡಳಿತಕ್ಕೆ ಏನು ಪ್ರಯೋಜನ ಅಂತ ನೀವು ಕೇಳಬಹುದು. ನಾರ್ವೆಯ ಲೋಫೋಟೆನ್‌ನಲ್ಲಿ ಎರಡು ಬಗೆಯ ಕಾಡ್ ಮೀನು ಒಂದೇ ನೀರಿಗೆ ಮೊಟ್ಟೆ ಇಡಲು ಬರುತ್ತವೆ. ಒಂದು ದೂರದಿಂದ ವಲಸೆ ಬರುವ ದೊಡ್ಡ ಗುಂಪು. ಇನ್ನೊಂದು ಕರಾವಳಿಯಲ್ಲೇ ಇರುವ, ಸೊರಗಿಹೋದ ಸಣ್ಣ ಗುಂಪು. ಕಣ್ಣಿಗೆ ಎರಡೂ ಒಂದೇ ಥರ. ಅಲ್ಲಿನವರು ವರ್ಷಗಟ್ಟಲೆ, ಮೀನುಗಾರಿಕೆ ನಡೆಯುತ್ತಿರುವಾಗಲೇ ಮಾದರಿ ತೆಗೆದು, ಒಂದೇ ಒಂದು ಡಿಎನ್‌ಎ ಗುರುತಿನ ಸಹಾಯದಿಂದ ಬಲೆಗೆ ಯಾವ ಗುಂಪು ಎಷ್ಟು ಬೀಳುತ್ತಿದೆ ಅಂತ ತಕ್ಷಣ ನೋಡುತ್ತಾ ಬಂದರು. ಸೊರಗಿದ ಗುಂಪು ಜಾಸ್ತಿ ಬಿದ್ದರೆ ಆ ಜಾಗ ಮುಚ್ಚುವುದು. ಕಡಿಮೆಯಾದರೆ ತೆರೆಯುವುದು. ಮೀನುಗಾರರ ಹೊಟ್ಟೆಯ ಮೇಲೆ ಸುಮ್ನೆ ಹೊಡೆಯದೆ, ಬೇಕಾದಲ್ಲಿ ಬೇಕಾದಷ್ಟೇ ತಡೆಯುವ ವಿಧಾನ ಇದು.

ಇಂಥ ಯಾವ ಸಾಧನವೂ ಇಲ್ಲದೆ ತಡವಾಗಿ ಎಚ್ಚೆತ್ತರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಇದೆ. 1992ರ ಜುಲೈನಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನು ಒಮ್ಮೆಗೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಆ ನಿಷೇಧ ತೆರವಾದದ್ದು 2024ರಲ್ಲಿ. ಮೂವತ್ತೆರಡು ವರ್ಷ. ಒಂದು ತಲೆಮಾರೇ ಸಮುದ್ರ ಬಿಟ್ಟು ಹೋಗಿರುತ್ತದೆ.

ನಮ್ಮಲ್ಲಿ ಈಗಿರುವ ನಿಯಮಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮಳೆಗಾಲದ ರಜೆ ಬೇಕೇ ಬೇಕು. ಬೆಳಕು ಹಾಕಿ ಹಿಡಿಯುವುದಕ್ಕೂ ಎರಡು ಬೋಟ್ ಸೇರಿ ಎಳೆಯುವ ಬುಲ್ ಟ್ರಾಲಿಂಗ್‌ಗೂ ಇರುವ ನಿಷೇಧ ಕಾಗದದಿಂದ ನೀರಿಗೆ ಇಳಿಯಬೇಕು. ಕೇರಳ ತಾರ್ಲಿಗೆ 10 ಸೆಂಟಿಮೀಟರ್, ಬಂಗಡೆಗೆ 14 ಸೆಂಟಿಮೀಟರ್ ಅಂತ ಕನಿಷ್ಠ ಅಳತೆ ಇಟ್ಟದ್ದು ಒಳ್ಳೆಯ ಹೆಜ್ಜೆ. ಆದರೆ ಇವೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಒಂದು ಜಾತಿ ಅಂದರೆ ಒಂದೇ ಗುಂಪು, ಒಂದು ರಾಜ್ಯದ ನೀರು ಅಂದರೆ ಒಂದೇ ಸಂಸಾರ. ಕರ್ನಾಟಕದ ಅಧಿಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಬಡಗಣಕ್ಕೆ ಗೋವಾದ ಗೆರೆ, ತೆಂಕಣಕ್ಕೆ ಕೇರಳದ ಗೆರೆ. ಕಾರವಾರದ ಎದುರಿನ ಬಂಗಡೆ ಗೋವಾದ ಬಂಗಡೆಯ ಸೋದರವೋ, ಮಂಗಳೂರಿನದರ ಸೋದರವೋ? ಇಬ್ಬರದೂ ಆಗಿದ್ದರೆ ಮೂರೂ ಕಡೆ ಒಂದೇ ನಿಯಮ ಬೇಕು. ನಾವು ಉಳಿಸಿದ್ದನ್ನು ಪಕ್ಕದವರು ಹಿಡಿದರೆ ಉಳಿಸಿ ಏನು ಬಂತು? ಗಡಿ ಅಂದರೆ ಏನು ಅಂತ ಬೆಳಗಾವಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ಮನೆಯವರು ಗೆರೆಯ ಆಚೆಗೂ ಈಚೆಗೂ ಇರುವುದನ್ನು ದಿನಾ ನೋಡುವವರು ನಾವು.

ವಿಜ್ಞಾನದ ವಿಷಯದಲ್ಲಿ ನಿಮಗೆ ಅರ್ಧ ಮಾತು ಹೇಳಬಾರದು, ಅದಕ್ಕೇ ಇದನ್ನೂ ಬರೆಯುತ್ತೇನೆ. ಗುರುತು ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ. ಸಮುದ್ರದಲ್ಲಿ ಗೋಡೆಯಿಲ್ಲ. ಮೊಟ್ಟೆ, ಮರಿ ನೀರಿನ ಜೊತೆ ತೇಲಿಹೋಗುತ್ತವೆ. ಒಂದು ಪೀಳಿಗೆಗೆ ನಾಲ್ಕಾರು ಮೀನು ಆ ಗುಂಪಿನಿಂದ ಈ ಗುಂಪಿಗೆ ಸೇರಿಕೊಂಡರೂ ಸಾಕು, ಡಿಎನ್‌ಎಯಲ್ಲಿ ವ್ಯತ್ಯಾಸ ಮಸುಕಾಗುತ್ತದೆ. ವ್ಯತ್ಯಾಸ ಕಾಣಲಿಲ್ಲ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಂತ ತೀರ್ಮಾನಿಸುವಂತಿಲ್ಲ. ಅತಿಯಾಗಿ ಹಿಡಿದಲ್ಲೆಲ್ಲ ವೈವಿಧ್ಯ ಒಂದೇ ಥರ ಕುಸಿಯುತ್ತದೆ ಅನ್ನುವುದೂ ಇಲ್ಲ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಹೋಲಿಕೆಯಲ್ಲಿ 140 ಜಾತಿಗಳನ್ನು ನೋಡಿದ್ದರು. ಅತಿಯಾಗಿ ಹಿಡಿದ ಮೀನುಗಳಲ್ಲಿ ವೈವಿಧ್ಯದ ಒಂದು ಅಳತೆ ಸುಮಾರು 12 ಶೇಕಡ ಕಡಿಮೆ ಇತ್ತು. ಆದರೆ 2021ರಲ್ಲಿ ನಾರ್ವೆಯ 1907ರ ಮತ್ತು ಕೆನಡಾದ 1940ರ ಹಳೆಯ ಕಾಡ್ ಮಾದರಿಗಳನ್ನು ಈಗಿನವುಗಳ ಜೊತೆ ಹೋಲಿಸಿದಾಗ ಅಂಥ ದೊಡ್ಡ ನಷ್ಟ ಕಾಣಲಿಲ್ಲ. ಅಂದರೆ ಮೀನು ಕಡಿಮೆಯಾಗಿದ್ದರೂ ಬೀಜ ಉಳಿದಿದೆ, ಕಾದರೆ ಚೇತರಿಸಿಕೊಳ್ಳಬಹುದು. ಎಷ್ಟು ಸಮಾಧಾನದ ಸುದ್ದಿ, ಅಲ್ವಾ? ಆ ಸಮಾಧಾನವೂ ಅವರಿಗೆ ಸಿಕ್ಕದ್ದು 1907ರಲ್ಲಿ ಯಾರೋ ಎತ್ತಿಟ್ಟಿದ್ದರಿಂದಲೇ.

ಗುರುತು ನೋಡದೆ ಮುಂದುವರಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೃಷ್ಣೆಯ ಕಡೆಯದೇ ಒಂದು ಉದಾಹರಣೆ ಇದೆ. ಸಿಹಿನೀರಿನದ್ದು, ಆದರೂ ಹೇಳಲೇಬೇಕು. ಕೃಷ್ಣಾ ಕಣಿವೆಯಲ್ಲಿ ನೀಲಿ ರೆಕ್ಕೆಯ ಮಹಶೀರ್ ಮೀನಿದೆ. ಲೋನಾವಳಾದ ಮರಿ ಕೇಂದ್ರದಲ್ಲಿ ಅದರ ಮರಿ ಮಾಡಿ, ಮಹಶೀರ್ ಉಳಿಸಬೇಕು ಎಂಬ ಒಳ್ಳೆಯ ಉದ್ದೇಶದಿಂದಲೇ, ದೇಶದ ಹಲವು ನದಿಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಕಾವೇರಿಯಲ್ಲಿ ಅದಾಗಲೇ ಬೇರೆಯದೇ ಮಹಶೀರ್ ಇತ್ತು, ಡುಬ್ಬ ಇರುವ ದೊಡ್ಡ ಜಾತಿ. ನಮ್ಮ ಕಡೆಯ ಮೀನು ಅಲ್ಲಿ ಹೆಚ್ಚಾಗುತ್ತಾ ಹೋಯಿತು, ಅಲ್ಲಿನ ಮೂಲ ಮೀನು ಕಾಣೆಯಾಗುತ್ತಾ ಬಂತು. ಡುಬ್ಬದ ಮಹಶೀರ್ ನಿಜಕ್ಕೂ ಯಾವ ಜಾತಿ ಅಂತ ಮೈಲಕ್ಷಣ, ಡಿಎನ್‌ಎ ಎರಡೂ ನೋಡಿ ಖಚಿತಪಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಈಗ ಸಮುದ್ರಕ್ಕೂ ಮರಿ ಬಿಡುವ ಮಾತು ಕೇಳಿಬರುತ್ತಿದೆ. ಎಲ್ಲಿಯ ತಾಯಿ, ಎಷ್ಟು ತಾಯಿ, ಯಾವ ನೀರಿಗೆ ಅನ್ನುವುದನ್ನು ನೋಡದೆ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಇನ್ನು ಕೆಲಸದ ಮಾತು. ಕಾರವಾರ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು: ಏಳು ಕಡೆ. ತಾರ್ಲಿ, ಬಂಗಡೆ, ಸುರಮಯಿ, ಪಾಂಪ್ಲೆಟ್, ಕಾಣೆ: ಐದು ಜಾತಿ. ವರ್ಷಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಒಂದೊಂದು ಜಾತಿಯ 50 ಮೀನು. ಒಟ್ಟು 3,500 ಚೂರು. ಒಂದೊಂದು ಚೂರು ಉಗುರಿನಷ್ಟಿದ್ದರೆ ಸಾಕು. ಕಿರುಬೆರಳಿನ ಗಾತ್ರದ ಬಾಟಲಿ ಸಾಕು. ವರ್ಷದ ಇಡೀ ಸಂಗ್ರಹ ಒಂದು ಕಪಾಟಿನಲ್ಲಿ ಹಿಡಿಯುತ್ತದೆ. ಬೋಟ್ ಯಾವ ನೀರಿನಲ್ಲಿ ಬಲೆ ಹಾಕಿತ್ತು, ಎಷ್ಟು ಆಳ, ಯಾವ ತಾರೀಖು, ಮೀನಿನ ಉದ್ದ ಎಷ್ಟು ಅನ್ನುವುದನ್ನು ಬರೆದಿಡಬೇಕು. ಇದಕ್ಕೇ ಇಲಾಖೆ ಬೇಕು ಅನ್ನುವುದು. ನಮ್ಮ ಮಾರುಕಟ್ಟೆಗೆ ಬರುವ ಹೊತ್ತಿಗೆ ಮೂರು ರಾಜ್ಯದ ಮೀನು ಒಂದೇ ಐಸಿನಲ್ಲಿ ಬೆರೆತಿರುತ್ತದೆ. ಇಲ್ಲಿ ತೆಗೆದ ಚೂರಿನಿಂದ ಜಾತಿ ಹೇಳಬಹುದು, ಊರು ಹೇಳಲಾಗದು. ಧಕ್ಕೆಯಲ್ಲೇ ತೆಗೆಯಬೇಕು, ಬೋಟಿನವರ ಬಾಯಿಂದಲೇ ಕೇಳಬೇಕು. ನಿಮ್ಮ ಇಲಾಖೆಯ ಸಿಬ್ಬಂದಿ ಈಗಾಗಲೇ ಅಲ್ಲಿದ್ದಾರೆ.

ಒಂದು ಸಣ್ಣ ತೊಡಕು ನೀವೇ ಬಿಡಿಸಬೇಕು. ಪ್ರಯೋಗಾಲಯಕ್ಕೆ ಶುದ್ಧ ಆಲ್ಕೋಹಾಲ್ ತರಿಸಲು ಅಬಕಾರಿ ಪರವಾನಗಿ ಬೇಕು. ಸಣ್ಣ ಕಾಲೇಜುಗಳು ಅದರ ಗೋಜಿಗೇ ಹೋಗುವುದಿಲ್ಲ. ಎರಡು ಇಲಾಖೆ ಕೂತು ಮಾತಾಡಿದರೆ ಒಂದು ಸುತ್ತೋಲೆಯಲ್ಲಿ ಮುಗಿಯುವ ವಿಷಯ ಇದು.

ಸಂಗ್ರಹದ ಎರಡು ಪ್ರತಿ ಇರಲಿ. ಒಂದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ, ತಿಳಿದವರ ಕೈಯಲ್ಲಿ. ಇನ್ನೊಂದು ಘಟ್ಟದ ಮೇಲೆ, ನಮ್ಮ ಕಡೆ. ಒಂದು ಕಡೆ ನೆರೆ ಬಂದರೂ, ಕರೆಂಟ್ ಹೋದರೂ, ನನ್ನ 96 ಬಾಟಲಿಗಳಿಗೆ ಆದಂತೆ ಯಾರಾದರೂ ಕಪಾಟು ಖಾಲಿ ಮಾಡಿದರೂ ಇನ್ನೊಂದು ಉಳಿಯುತ್ತದೆ. ಬಾಟಲಿಗಳಿಗೆ ಹೆಸರಿರುವ ಒಬ್ಬ ಅಧಿಕಾರಿ ವಾರಸುದಾರರಾಗಿರಲಿ. ವರ್ಗಾವಣೆ ಆದರೆ ಬೀಗದ ಕೈಯ ಜೊತೆ ಪಟ್ಟಿಯೂ ಕೈ ಬದಲಾಗಲಿ.

ಗುರುತು ಪರೀಕ್ಷಿಸುವ ಕೆಲಸವನ್ನು ನಮ್ಮ ಮಕ್ಕಳು ಮಾಡಬಲ್ಲರು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಗಿಡಗಳ ಡಿಎನ್‌ಎ ಹೊಸದಲ್ಲ. ಗಿಡದ್ದಾದರೇನು, ಮೀನಿನದ್ದಾದರೇನು, ಪಿಸಿಆರ್ ತಟ್ಟೆ ಒಂದೇ. ನನ್ನ ಬಿ.ಎಸ್ಸಿ. ತರಗತಿಯಲ್ಲಿ ಸಮುದ್ರವನ್ನೇ ನೋಡದ ಹುಡುಗಿಯರಿದ್ದಾರೆ. ಗೋಕಾಕ, ರಾಮದುರ್ಗ, ಅಥಣಿಯ ಹಳ್ಳಿಗಳಿಂದ ಬಂದವರು. ಹೋದ ವರ್ಷ ಒಬ್ಬಳು ಕೇಳಿದಳು: "ಮ್ಯಾಡಮ್, ಜೋಳದ ತಳಿ ಉಳಿಸಾಕ ಬೀಜ ಬ್ಯಾಂಕ್ ಮಾಡ್ಯಾರ. ಮೀನಿಂದು ಯಾಕ ಮಾಡಿಲ್ರಿ?" ನಾನು ಆಕೆಗೆ ಕೊಟ್ಟ ಉತ್ತರವೇ ಈ ಪತ್ರ.

ಅಧಿವೇಶನದ ಯಾವುದಾದರೂ ಬುಧವಾರ ಬೆಳಿಗ್ಗೆ ಆರೂವರೆಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಕಲಾಪಕ್ಕೆ ತಡವಾಗುವುದಿಲ್ಲ. ಮೀನು ಮಾರುಕಟ್ಟೆಯಲ್ಲಿ ನಮ್ಮ ಮಾವಶಿ ಕೂರುವ ಜಾಗದ ಹತ್ತಿರ ನಾನು ಮತ್ತು ನಾಲ್ಕು ವಿದ್ಯಾರ್ಥಿನಿಯರು ಇರುತ್ತೇವೆ. ಒಂದು ಕತ್ತರಿ, ಒಂದು ಚಿಮಟ, ಸ್ವಲ್ಪ ಆಲ್ಕೋಹಾಲ್, ಸಣ್ಣ ಬಾಟಲಿಗಳು, ಒಂದು ಪೆನ್ಸಿಲ್ ತಂದಿರುತ್ತೇವೆ. ಮೊದಲ ಚೂರು ನೀವೇ ಕತ್ತರಿಸಿ. ಒಂದು ಮೀನಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಚೀಟಿಯಲ್ಲಿ ತಾರೀಖು ನಾವು ಬರೆಯುತ್ತೇವೆ.

ಇಂತಿ ವಿಶ್ವಾಸದಿಂದ,
ಪ್ರಾಣಿಶಾಸ್ತ್ರ ಕಲಿಸುವ ಒಬ್ಬ ಶಿಕ್ಷಕಿ
ಬೆಳಗಾವಿ